ದಿಬ್ಬ ಸುತ್ತಿದ ಅತ್ತೆ

ಅಂಗಳ ಸಾರಿಸಿ, ಜೋಳ ಹಸನು ಮಾಡಿ, ಬಟ್ಟೆ ಒಗೆದು, ಅತ್ತೆಯನ್ನು ಹುಡುಕಿಕೊಂಡು ಹೊರಟೆ. ಎಂಬತ್ತರ ದಶಕದ ಮಾತು. ಯಲಬುರ್ಗಾದ ನಮ್ಮ ಓಣಿಯವರು ಮನೆಮನೆಗೆ ಪಟ್ಟಿ ಎತ್ತಿ ರೊಕ್ಕ ಕೂಡಿಸಿ, ತಾವೇ ಗರಸು ಮಣ್ಣು ಹೊತ್ತು, ದಿಬ್ಬದ ಸುತ್ತ ಅಡ್ಡಾಡಲೆಂದು ಹಾದಿ ಮಾಡಿದ್ದರು. ಸಕ್ಕರೆ ಕಾಯಿಲೆಯ ಅತ್ತೆ ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರೂ, "ಕೆಲಸಿಲ್ದ ತಿರಗಾಕ ನಾನೇನ್ ಬಿಡಾಡಿ ದನ ಏನ?" ಎಂದು ಹಟ ಹಿಡಿದಿದ್ದರು.

ಎಲ್ಲೂ ಕಾಣದೆ ಕೊನೆಗೆ ದಿಬ್ಬಕ್ಕೆ ಹೋಗಿ ನೋಡಿದರೆ, ಹಾದಿಯ ಗುರುತಿಗೆ ನಾವು ಸುಣ್ಣ, ಕೆಮ್ಮಣ್ಣು ಬಳಿದಿಟ್ಟ ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದರು. ಅತ್ತೆ ಕೈಮುಗಿದು ದಿಬ್ಬ ಸುತ್ತುತ್ತಿದ್ದರು.

"ಅತ್ತಿ, ಅದು ದೇವರಲ್ಲರಿ, ನಾವ ಇಟ್ಟ ಕಲ್ಲು."

"ಗೊತ್ತೈತಿ, ಸುಮ್ನಿರವಾ. ಮಂದಿ ಕೇಳಿದ್ರ ಹೇಳಾಕ ಒಂದು ನೆವ ಬೇಕಲ್ಲ! ಇನ್ನೂ ಮೂರು ಸುತ್ತು ಅದಾವ, ನೀನೂ ಬಾ."

ಅಂದು ರೊಟ್ಟಿ, ಪುಂಡಿಪಲ್ಲೆ ಉಂಡೆವು. ನಾನು ಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದಾಗಲೇ ಅತ್ತೆಗೆ ಗಾಢ ನಿದ್ದೆ.