ಉಪ್ಪುನೀರಲ್ಲಿ ತೇಲಿದ ಭತ್ತ

ಬಿತ್ತುವ ಮುಂಚೆ ಭತ್ತದ ಬೀಜವನ್ನು ಉಪ್ಪುನೀರಿಗೆ ಹಾಕುತ್ತೇವೆ. ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ಉಪ್ಪಿನ ಹದ ನೋಡಲು ನಮ್ಮೂರು ಜವಳಗೇರಾದಲ್ಲಿ ಮಂದಿ ನೀರಿಗೊಂದು ಕೋಳಿಮೊಟ್ಟೆ ಬಿಡುತ್ತಾರೆ. ಅದು ರೂಪಾಯಿ ನಾಣ್ಯದಷ್ಟು ನೆತ್ತಿ ತೋರಿಸಿ ತೇಲಿದರೆ ಹದ ಬಂತು. ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ, ಅತ್ತೆಯ ಮಡಿ ಅಂಥದು. ಹಾಗಾಗಿ ಈ ಮುಂಗಾರಿನಲ್ಲಿ ಯಜಮಾನರು ಕಣ್ಣಂದಾಜಿನಲ್ಲೇ ನೀರು ತುಂಬಿದ ಬಾನಿಗೆ ಉಪ್ಪು ಸುರಿದರು, ಸುರಿಯುತ್ತಲೇ ಹೋದರು.

ಬೀಜ ಹಾಕಿದರೆ ಒಂದು ಕಾಳೂ ಮುಳುಗಲಿಲ್ಲ.

"ಬರೇ ಜೊಳ್ಳು ಕೊಟ್ಟಾನ ಅಂವ," ಎಂದು ಯಜಮಾನರು ಬೀಜದಂಗಡಿಯವನ ಜೊತೆ ಜಗಳಕ್ಕೆ ಸಿಂಧನೂರಿಗೆ ಗಾಡಿ ಹತ್ತಿದರು. ತಾಳ್ಮೆ ಎಂಬುದು ಅವರ ವಂಶದಲ್ಲೇ ಇಲ್ಲ. ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು.

ನಾನು ಬಾನಿಯೊಳಗೆ ಕೈಯಾಡಿಸಿದೆ. ತಳದಲ್ಲಿ ಕರಗದ ಉಪ್ಪು ಮರಳಿನಂತೆ ಸಿಕ್ಕಿತು. ಇನ್ನು ಕರಗಲಾರದಷ್ಟು ಉಪ್ಪು ಕುಡಿದ ನೀರು ಗಟ್ಟಿಕಾಳನ್ನೂ ಮೇಲೆತ್ತದೆ ಬಿಟ್ಟೀತೇ? ಒಂದು ಕೊಡ ಕಾಲುವೆ ನೀರು ಸುರಿದು ಕಲಕಿದೆ. ತಳದ ಉಪ್ಪು ಕರಗಿತೇ ಹೊರತು ಕಾಳು ಕದಲಲಿಲ್ಲ. ಮತ್ತೆರಡು ಕೊಡ ಸುರಿದ ಮೇಲೆ ಕಾಳು ಒಂದೊಂದಾಗಿ ಇಳಿಯತೊಡಗಿ, ಕೊನೆಗೆ ಮೇಲೆ ಹಿಡಿಯಷ್ಟೇ ಜೊಳ್ಳು ಉಳಿಯಿತು.

"ಮುಳುಗ್ಯಾವವ್ವಾ," ಎಂದು ಅತ್ತೆ ಉಸಿರು ಬಿಟ್ಟರು.

ನಾನು ಯಜಮಾನರಿಗೆ ಫೋನ್ ಹಚ್ಚಿದೆ. "ಬೀಜ ಛಲೋ ಅದಾವ್ರೀ, ಹೊಳ್ಳಿ ಬರ್ರಿ."

ಅತ್ತೆ ಫೋನ್ ಇಸಿದುಕೊಂಡರು. "ಇನ್ನೊಂದು ಚೀಲ ಬೀಜ ಐತಿ. ಬರಾಗ ಒಂದು ಕೋಳಿ ತತ್ತಿ ತಗೊಂಬಾ. ನಾ ಆ ಕಡಿ ಮಾರಿ ಮಾಡಿ ಕುಂದರ್ತೀನಿ."