ತುಟಿ ಅಲುಗಿದರೆ ಪರೀಕ್ಷೆ ರದ್ದು

ಬಸ್ಸಿನ ಬ್ರೇಕು ಹೋಗಿ ಅದು ಕಬ್ಬು ತುಂಬಿದ ಟ್ರ್ಯಾಕ್ಟರಿನ ಬೆನ್ನಿಗೆ ನುಗ್ಗಬಹುದಿತ್ತು. ಬಂದ ದಿನದಿಂದಲೂ ನನ್ನ ಮೀನಖಂಡದ ಮೇಲೆ ಕಣ್ಣಿಟ್ಟಿರುವ ನಮ್ಮ ಗಲ್ಲಿಯ ಕಂದು ನಾಯಿ ಕೊನೆಗೂ ಬಾಯಿ ಹಾಕಬಹುದಿತ್ತು. ಆಧಾರ್ ಕಾರ್ಡಿನ ಫೋಟೊದಲ್ಲಿ ನಾನು ಯಾರನ್ನೋ ಕೊಂದು ಬಂದವಳಂತೆ ಇದ್ದೇನೆ. ಅದನ್ನು ನೋಡಿ ಪರೀಕ್ಷಾ ಕೇಂದ್ರದವರು ಪೊಲೀಸರನ್ನೇ ಕರೆಯಬಹುದಿತ್ತು. ನಡುವೆ ಕರೆಂಟು ಹೋಗಬಹುದಿತ್ತು. ಯುಪಿಎಸ್ ಬ್ಯಾಟರಿ ಸಿಡಿಯಬಹುದಿತ್ತು. ದಾರಿಯಲ್ಲಿ ಗಲಾಟೆಯಾಗಿ ತಲೆ ಒಡೆಯಬಹುದಿತ್ತು. ಇದ್ಯಾವುದೂ ಆಗದೆ, ನಾನು ತಣ್ಣಗೆ ಕೂತು ಎರಡನೆಯ ಸಲವೂ ಫೇಲಾಗಬಹುದಿತ್ತು.

ಇಷ್ಟನ್ನೂ ಹಿಂದಿನ ದಿನವೇ ಗಂಡನ ಮುಂದೆ ಒಪ್ಪಿಸಿದ್ದೆ. ಅವರು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿಸಿಕೊಂಡು, "ಭೂಕಂಪ ಬಿಟ್ಟಿ ನೋಡು," ಎಂದರು.

ನಾಸಿಕದ ಹೊರಗೆ, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಕ್ಕಾಗ ನಾವು ಗದಗ ಬಿಟ್ಟೆವು. ಬಂದ ಮರುದಿನ ಬೆಳಿಗ್ಗೆ ಯಾರೋ ಬಾಗಿಲನ್ನು ಒಡೆದುಹಾಕುವಂತೆ ಬಡಿದರು. ಕಿಟಕಿಯಿಂದ ನೋಡಿದರೆ ಮನೆಯೊಡತಿ, ಕೈಯಲ್ಲಿ ಲಟ್ಟಣಿಗೆ, ಗಂಟಲು ಹರಿಯುವಂತೆ ಕಿರಚುತ್ತಿದ್ದಾಳೆ. ನಾನು ಚಿಲಕ ಹಾಕಿ, ಮಗಳನ್ನು ಹಿಂದೆ ತಳ್ಳಿ, ರೊಟ್ಟಿ ಹಂಚು ಹಿಡಿದು ನಿಂತೆ. ಆಮೇಲೆ ತಿಳಿಯಿತು: ನಲ್ಲಿಯಲ್ಲಿ ನೀರು ಬಂದಿತ್ತು, ಹೊಸ 'ವಹಿನಿ'ಗೆ ಗೊತ್ತಿಲ್ಲದೆ ನೀರು ತಪ್ಪಿಹೋಗಬಾರದೆಂದು ಆಕೆ ಚಪಾತಿ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಳು. ವಹಿನಿ ಎಂದರೆ ನಮ್ಮ ಕಡೆಯ ವೈನಿ, ಅತ್ತಿಗೆ. ನಮ್ಮಲ್ಲಿ ಹಲ್ಲು ಮುರಿಯುವುದಿದ್ದರೂ "ಹಲ್ಲ ಮುರೀತೇನ್ ನೋಡ್ರಿ" ಎಂದು ಗೌರವ ಕೊಟ್ಟೇ ಮುರಿಯುತ್ತಾರೆ. ಇಲ್ಲಿ ಪ್ರೀತಿಯನ್ನೂ ಜಗಳದ ದನಿಯಲ್ಲೇ ಮಾಡುತ್ತಾರೆ. ಇದು ಕಿವಿಗೆ ಒಗ್ಗಲು ನನಗೆ ವರ್ಷಗಳೇ ಬೇಕಾದವು.

ಮರಾಠಿ ಕಲಿತೆ. ಮೊಳಕೆಕಾಳಿನ ಮೇಲೆ ಬೆಂಕಿಯಂಥ ರಸ್ಸಾ ಸುರಿದು ಕೊಡುವ ಮಿಸಳ್ ತಿಂದು ಕಣ್ಣೀರಿಡದೆ ಏಳುವುದನ್ನು ಕಲಿತೆ. ನಾಸಿಕದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ಸೇರಿ, ಪ್ರಿಂಟರ್ ರಿಪೇರಿಯಿಂದ ಶುರುಮಾಡಿ, ಸರ್ವರ್ ಕೋಣೆಯ ಕೀಲಿ ನನ್ನ ಸೊಂಟಕ್ಕೆ ಬರುವ ತನಕ ತಲುಪಿದೆ. ಅಷ್ಟರಲ್ಲಿ ಕನ್ನಡ ಮಾತ್ರ ಮನೆಯೊಳಗೇ ಸಣ್ಣದಾಗುತ್ತ ಹೋಯಿತು. ಗಂಡ ಪಾಳಿ ಮುಗಿಸಿ ಬಂದು ಮಲಗುತ್ತಾರೆ. ಮಗಳು ಗೌರಿಗೆ ಕನ್ನಡ ಪೂರಾ ತಿಳಿಯುತ್ತದೆ, ಆದರೆ ಉತ್ತರ ಮರಾಠಿಯಲ್ಲಿ. "ಊಟಾ ಮಾಡ್ತೀಯೇನ?" ಎಂದರೆ "ನಕೋ, ಭೂಕ ನಾಹೀ," ಬೇಡ, ಹಸಿವಿಲ್ಲ ಎಂದು. ಹೀಗಾಗಿ ನಾನು ಮನಸ್ಸು ಬಿಚ್ಚಿ ಕನ್ನಡ ಮಾತಾಡುವುದು ಒಬ್ಬಳ ಜೊತೆಗೆ ಮಾತ್ರ. ಅವಳೂ ನಾನೇ.

ಆಗ ಹೊಸ ಮ್ಯಾನೇಜರ್ ಬಂದ. ಯಾವುದೋ ಕಂಪನಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದ ಸುದ್ದಿ ಓದಿ ಮೇಜು ಗುದ್ದಿದ, ನನ್ನ ಚಹಾ ಚೆಲ್ಲಿತು. ಇನ್ನು ಮೇಲೆ ಸೈಬರ್ ಭದ್ರತೆಯ ಸರ್ಟಿಫಿಕೇಟ್ ಇಲ್ಲದವರು ಸರ್ವರ್ ಕೋಣೆಗೆ ಕಾಲಿಡುವಂತಿಲ್ಲ. ಒಮ್ಮೆ ಬರೆದು ಫೇಲಾದೆ. "ಈ ತಿಂಗಳೊಳಗ ಪಾಸಾಗ್ರಿ, ಇಲ್ಲಾಂದ್ರ ಕೀಲಿ ಇಟ್ಟು ಗೋದಾಮಿಗೆ ನಡೀರಿ," ಎಂಬರ್ಥದ ಮಾತನ್ನು ಅವನು ಮರಾಠಿಯಲ್ಲಿ, ಎಲ್ಲರ ಮುಂದೆ ಹೇಳಿದ. ಗೋದಾಮೆಂದರೆ ರಟ್ಟಿನ ಪೆಟ್ಟಿಗೆ ಎಣಿಸುವ ಕೆಲಸ. ಈ ಊರಲ್ಲಿ ನಾನು ಯಾರದೋ ಹೆಂಡತಿ, ಯಾರದೋ ತಾಯಿ, ಯಾರದೋ ಬಾಡಿಗೆದಾರಳು. ನಾನೇ ಗಳಿಸಿದ್ದು ಆ ಕೀಲಿಯೊಂದನ್ನೇ.

ಓದಲು ಕೂತೆ. ಎಂಥ ರಕ್ತಪಾತದ ವಿದ್ಯೆ ಇದು! ಪುಟ ತೆರೆದರೆ ದಾಳಿ, ಮುತ್ತಿಗೆ, ಬಲೆ, ಒತ್ತೆಯಾಳು. ನಾನು ಒಂದೊಂದನ್ನೂ ಕನ್ನಡಕ್ಕೆ ತಂದು ಬಾಯಿಪಾಠ ಮಾಡಿದೆ. ನನಗೆ ಬೇರೆ ದಾರಿ ಗೊತ್ತಿಲ್ಲ. ನಮ್ಮ ಶಾಲೆಯಲ್ಲಿ ಮಗ್ಗಿ ಹೇಳುವಾಗ ಮಾಸ್ತರರು ಸಾಲಿನ ನಡುವೆ ಬೆತ್ತ ಹಿಡಿದು ಅಡ್ಡಾಡುತ್ತಿದ್ದರು, ಕಣ್ಣು ಸೀದಾ ನಮ್ಮ ತುಟಿಗಳ ಮೇಲೆ. ಯಾರ ತುಟಿ ಅಲುಗುತ್ತಿಲ್ಲವೋ ಅವರ ಗೆಣ್ಣಿನ ಮೇಲೆ ಏಟು. ಅಕ್ಷರ ನನ್ನೊಳಗೆ ಇಳಿದದ್ದೇ ಬಾಯಿಯ ಮೂಲಕ, ಬೆತ್ತದ ಕಾವಲಿನಲ್ಲಿ. "ಆಯೀ, ಪುಟಪುಟಣಂ ಬಂದ ಕರ!" ಎಂದು ಗೌರಿ ಎಷ್ಟೋ ಸಲ ಸಿಡುಕಿದ್ದಳು, ಗೊಣಗುವುದನ್ನು ನಿಲ್ಲಿಸು ಎಂದು. ಈ ವಯಸ್ಸಿನ ಮಕ್ಕಳಿಗೆ ತಾಯಿ ಉಸಿರಾಡಿದರೂ ತಪ್ಪು ಎಂದುಕೊಂಡು ಬಿಟ್ಟಿದ್ದೆ.

ನಾಸಿಕದ ಕೇಂದ್ರದಲ್ಲಿ ಆ ತಿಂಗಳು ಜಾಗವಿರಲಿಲ್ಲ. ಸಂಭಾಜಿನಗರದಲ್ಲಿ ಒಂದು ಮಧ್ಯಾಹ್ನ ಖಾಲಿ ಇತ್ತು. ನಸುಕಿನಲ್ಲೇ ಕೆಂಪು ಎಸ್‌ಟಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ನಿಫಾಡ ದಾಟಿತು. ಲಾಸಲಗಾಂವಕ್ಕೆ ಹೊರಳುವ ಚೌಕದಲ್ಲಿ ಬಸ್ಸು ನಿಂತುಬಿಟ್ಟಿತು. ಉಳ್ಳಾಗಡ್ಡಿ ದರ ಬಿದ್ದಿತ್ತು, ರಸ್ತಾ ರೋಕೋ. ಅಂದರೆ ದಾರಿಗೆ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಅಡ್ಡಹಾಕಿ ಯಾರೂ ಆಚೀಚೆ ಹೋಗದಂತೆ ಮಾಡುವುದು. ರಸ್ತೆಯ ತುಂಬ ಉಳ್ಳಾಗಡ್ಡಿ ಸುರಿದಿದ್ದರು. ಮೊದಲು ಘೋಷಣೆ ಇತ್ತು. ಆಮೇಲೆ ಯಾರೋ ಯಾರದೋ ಅಂಗಿ ಹಿಡಿದರು. ಪೊಲೀಸರ ಲಾಠಿ ಎದ್ದಿತು. ಒಬ್ಬನ ಬೆನ್ನಿನ ಮೇಲೆ ಅದು ಬಿದ್ದ ಸಪ್ಪಳ ಬಸ್ಸಿನೊಳಗೂ ಕೇಳಿಸಿತು, ಹಸಿ ಚರ್ಮಕ್ಕೆ ಹೊಡೆದಂತೆ. ಇನ್ನೊಬ್ಬ ಉಳ್ಳಾಗಡ್ಡಿಯ ಮೇಲೆ ಜಾರಿ ಬಿದ್ದ. ಅವನನ್ನು ತುಳಿದುಕೊಂಡೇ ಜನ ಓಡಿದರು.

ನಾನು ಕಣ್ಣು ಮುಚ್ಚಿ ಪಾಠ ಒಪ್ಪಿಸುತ್ತಿದ್ದೆ. ಹೆದರಿದಾಗ ಬೇರೆಯವರು ದೇವರ ನಾಮ ಹೇಳುತ್ತಾರೆ, ನಾನು ಫೈರ್‌ವಾಲ್ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಹಿಂದಿನ ಸೀಟಿನಿಂದ ಒಂದು ಕೈ ನನ್ನ ತುರುಬು ಹಿಡಿದು, "ಬಗ್ಗರಿ ಅಕ್ಕಾರ!" ಎಂದು ನನ್ನ ಮುಖವನ್ನು ಮೊಣಕಾಲಿಗೆ ಒತ್ತಿತು. ಅದೇ ಗಳಿಗೆಗೆ ಕಿಟಕಿ ಸಿಡಿಯಿತು. ಹಿಡಿಗಾತ್ರದ ಕಲ್ಲು ನನ್ನ ತಲೆ ಇದ್ದ ಜಾಗ ದಾಟಿ, ಆಚೆ ಸೀಟಿನ ಹುಡುಗನ ಹುಬ್ಬು ಸೀಳಿತು. ಅವನ ಬಿಳಿ ಅಂಗಿ ನೋಡನೋಡುತ್ತ ಕೆಂಪಾಯಿತು. "ಖಾಲೀ ಬಸಾ, ಖಾಲೀ!" ಎಂದು ಕಂಡಕ್ಟರ್ ಎಲ್ಲರನ್ನೂ ಕೆಳಗೆ ಕೂರಿಸಿದ. ಡ್ರೈವರು ಬೈಯುತ್ತ ಬಸ್ಸನ್ನು ಹಿಂದಕ್ಕೆ ತೆಗೆದ. ಗಾಲಿಯಡಿ ಉಳ್ಳಾಗಡ್ಡಿ ಪಟಪಟ ಒಡೆದವು. ಬಸ್ಸಿನಲ್ಲಿದ್ದವರೆಲ್ಲರ ಕಣ್ಣಲ್ಲೂ ನೀರು. ಎಷ್ಟು ಅಂಜಿಕೆಯದು, ಎಷ್ಟು ಉಳ್ಳಾಗಡ್ಡಿಯದು ಹೇಳಲಾರೆ.

ಹಳ್ಳಿದಾರಿ ಹಿಡಿದು ಯೇವಲಾ ದಾಟಿದ ಮೇಲೆ ತಿರುಗಿ ನೋಡಿದೆ. ವಿಜಯಪುರ ಕಡೆಯ ಹೆಣ್ಣುಮಗಳು, ಹೆಸರು ಹನಮವ್ವ, ಸಂಭಾಜಿನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವಳು.

"ನಾ ಕನ್ನಡದಾಕಿ ಅಂತ ನಿನಗ ಹೆಂಗ ಗೊತ್ತಾತವಾ?"

"ನಾಸಿಕ ಬಿಟ್ಟಾಗಿಂದ ವಟವಟ ನಡಸೀರಲ್ರೀ! ಮೊದಲ ಮಂತ್ರ ಅಂದ್ಕೊಂಡ್ನಿ. ಆಮ್ಯಾಲ 'ಬಾಗಲಾ ಹಾಕು, ಕಳ್ಳ ಬಂದಾನ, ಬಾಗಲಾ ಹಾಕು' ಅಂದ್ರಿ. ಎಲ್ಲಿ ಅದಾನಪಾ ಕಳ್ಳ ಅಂತ ಹೊರಗ ಇಣುಕಿದ್ನಿ. ಒಬ್ಬಾಂವ ಕಲ್ಲ ಹಿಡದು ಕೈ ಎತ್ತಿದ್ದ ಕಾಣ್ತು."

ನನ್ನ ವಟವಟ ನನ್ನ ತಲೆ ಉಳಿಸಿತ್ತು. ಅದರ ಬಗ್ಗೆ ಹೆಮ್ಮೆಪಡಲು ನನಗೆ ಸಿಕ್ಕಿದ್ದು ಪರೀಕ್ಷಾ ಕೇಂದ್ರ ಮುಟ್ಟುವ ತನಕದ ಸಮಯ ಮಾತ್ರ.

ಅಲ್ಲಿ ಬಾಗಿಲಲ್ಲೇ ತಪಾಸಣೆ. ತೋಳು ಮಡಚು, ಕನ್ನಡಕ ತೆಗೆ, ಕಿವಿಯ ಹಿಂದೆ ತೋರಿಸು. "ತುರುಬು ಬಿಚ್ಚಿ," ಎಂದಳು ತಪಾಸಣೆಯ ಹುಡುಗಿ. ಬಿಚ್ಚಿದೆ. ಟ್ರೇಯ ಮೇಲೆ ಗಾಜಿನ ಚೂರುಗಳು ಟಣಟಣ ಉದುರಿದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು, ಆಧಾರ್ ಫೋಟೊ ನೋಡಿದಳು. ಆಮೇಲೆ ಚೂರುಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಮೊಬೈಲಿನ ಜೊತೆ ಲಾಕರಿನಲ್ಲಿಟ್ಟು, "ಜಾತಾನಾ ಘ್ಯಾ," ಎಂದಳು. ಹೋಗುವಾಗ ಒಯ್ಯಿರಿ ಎಂದು!

ಎರಡು ಪ್ರಶ್ನೆ ಸಲೀಸಾಗಿ ಹೋದವು. ಮೂರನೆಯದಕ್ಕೆ ಭುಜದ ಮೇಲೆ ಬೆರಳು ತಾಗಿತು. ಆಚೆ ಕೋಣೆಯಲ್ಲಿ ಕ್ಯಾಮೆರಾ ನೋಡುತ್ತ ಕೂತಿದ್ದವನು ಎದ್ದು ಬಂದಿದ್ದ. "ಮ್ಯಾಡಂ, ಹೋಠ್ ಹಿಲ್ ರಹೇ ಹೈ." ತುಟಿ ಅಲುಗುತ್ತಿವೆಯಂತೆ. ಯಾರಿಗೋ ಪ್ರಶ್ನೆ ಓದಿ ಹೇಳುತ್ತಿರಬಹುದೆಂಬ ಅನುಮಾನ. ಇನ್ನೊಮ್ಮೆ ಅಲುಗಿದರೆ ಪರೀಕ್ಷೆ ರದ್ದು, ಫಲಿತಾಂಶ ಫೇಲು.

ಹೋದ ಸಲ ಇದನ್ನು ಯಾರೂ ಗಮನಿಸಿರಲಿಲ್ಲ, ಹೀಗಾಗಿ ನನ್ನ ಚಿಂತೆಗಳ ಸೈನ್ಯದಲ್ಲಿ ನನ್ನ ಬಾಯಿಗೊಂದು ಜಾಗವಿರಲಿಲ್ಲ. ತುಟಿ ಬಿಗಿಹಿಡಿದೆ, ಪರದೆಯ ಇಂಗ್ಲಿಷು ಇರುವೆಸಾಲಿನಂತೆ ಹರಿದುಹೋಯಿತು, ಒಂದಕ್ಷರವೂ ಒಳಗೆ ಬರಲಿಲ್ಲ. ಬೆನ್ನ ಹಿಂದೆ ಮಾಸ್ತರರು ಬೆತ್ತ ಹಿಡಿದು ನಿಂತಿದ್ದರು, ಎದುರಿಗೆ ಕ್ಯಾಮೆರಾ. ಅವರಿಗೆ ತುಟಿ ಅಲುಗಬೇಕು, ಇದಕ್ಕೆ ಅಲುಗಬಾರದು. ಗೆಣ್ಣುಗಳು ನಿಜಕ್ಕೂ ಉರಿಯತೊಡಗಿದವು. ಗೋದಾಮಿನ ರಟ್ಟಿನ ವಾಸನೆ ಮೂಗಿಗೆ ಬಂತು.

ಆಗ ನಾಲಿಗೆಯನ್ನು ಹಲ್ಲುಗಳ ನಡುವೆ ಹಾಕಿ ಕಚ್ಚಿ ಹಿಡಿದೆ. ಅದು ಒಳಗೇ ಒದ್ದಾಡಿತು, ಹಿಡಿದ ಮೀನಿನಂತೆ. ಇನ್ನಷ್ಟು ಒತ್ತಿದೆ. ಬಾಯಲ್ಲಿ ತುಕ್ಕಿನ ರುಚಿ ತುಂಬಿತು, ನುಂಗಿದೆ. ಪರದೆ ಸ್ಥಿರವಾಯಿತು. ಲಕ್ಷಾಂತರ ಸುಳ್ಳು ಕೋರಿಕೆಗಳನ್ನು ಒಮ್ಮೆಲೇ ಕಳಿಸಿ ಸರ್ವರನ್ನು ಕಟ್ಟಿಹಾಕುವ ದಾಳಿಯ ಬಗ್ಗೆ ಪ್ರಶ್ನೆಯಿತ್ತು. ಹೋದ ಸಲ ಇದೇ ನನ್ನನ್ನು ಕೆಡವಿದ್ದು. ಈ ಸಲ ಶಬ್ದ ಬೇಕಾಗಲಿಲ್ಲ. ಬೆಳಗಿನ ಚೌಕ ಕಣ್ಣ ಮುಂದೆ ಬಂತು: ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್, ಮುಂದೆ ಹೋಗಲಾಗದ ಬಸ್ಸು, ಹೆದ್ದಾರಿ ಬಿಟ್ಟು ಹಿಡಿದ ಹಳ್ಳಿದಾರಿ. ಉತ್ತರ ಒತ್ತಿದೆ. ಮುಂದಿನದಕ್ಕೆ ಹೋದೆ. ಹಾಗೆ ಕೊನೆಯವರೆಗೂ, ರಕ್ತ ನುಂಗುತ್ತ.

ಪಾಸ್.

ಕ್ಯಾಮೆರಾದವನೇ ಫಲಿತಾಂಶದ ಹಾಳೆ ತಂದುಕೊಟ್ಟು "ಅಭಿನಂದನ್" ಎಂದ. ಧನ್ಯವಾದ ಹೇಳಲು ಬಾಯಿ ತೆರೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಆ ಗಾಜಿನ ಪೊಟ್ಟಣವನ್ನು ಹಿಡಿದುಕೊಂಡೇ ಮನೆಗೆ ಬಂದೆ. ನಾಲಿಗೆ ಬಾತು ಬಾಯಿ ತುಂಬಿತ್ತು. ಪಾಸಾದರೆ ತಿನ್ನೋಣವೆಂದು ಗಂಡ ಕಟ್ಟಿಸಿಕೊಂಡು ಬಂದಿದ್ದ ಮಿಸಳ್‌ ಅನ್ನು ಅವರೇ ನನ್ನೆದುರು ಕೂತು, ಬಹಳ ದುಃಖದಿಂದ, ಪೂರ್ತಿ ತಿಂದರು. ಕೀಲಿ ಉಳಿಯಿತು. ಈ ಊರಲ್ಲಿ ನನ್ನ ಜಾಗವೂ ಉಳಿಯಿತು, ಕನ್ನಡವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಹಲ್ಲಿನಡಿ ಹಾಕಿದ್ದಕ್ಕೆ. ಆದರೆ ತಲೆ ಉಳಿಸಿದ್ದು ಅದೇ ಗೊಣಗಾಟವಲ್ಲವೆ? ಎರಡರಲ್ಲಿ ಯಾವುದಕ್ಕೆ ನಾನು ಹೆಚ್ಚು ಋಣಿ ಎಂದು ಯೋಚಿಸುತ್ತಿರುವಾಗ ಫೋನು ಹೊಡೆದುಕೊಂಡಿತು. ಗದಗದಿಂದ ಅಕ್ಕ. ಎತ್ತಿದೆ. "ಏನಾತ? ಮಾತಾಡಲ್ಲಾ! ಫೇಲಾದೀ?" ಎಂದು ಅವಳು ಕೂಗತೊಡಗಿದಳು. ನನ್ನ ಬಾಯಿಂದ ಬಂದದ್ದು ಎಮ್ಮೆಯ ದನಿ. ಅಕ್ಕ ಅತ್ತೇಬಿಟ್ಟಳು.

ಗೌರಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಮರಾಠಿಯಲ್ಲಿ ಬಾಯಿ ತೆರೆದು, ದೊಡ್ಡವ್ವನಿಗೆ ಅದು ತಿಳಿಯದೆಂದು ನೆನಪಾಗಿ ನಿಂತಳು. ನನ್ನನ್ನೊಮ್ಮೆ ನೋಡಿದಳು. ಅವಳ ತುಟಿಗಳು ಸದ್ದಿಲ್ಲದೆ ಅಲುಗಿದವು, ಹೇಳಬೇಕಾದ್ದನ್ನು ಮೊದಲು ಒಳಗೇ ಹೇಳಿ ನೋಡುವವಳಂತೆ.

"ದೊಡ್ಡವ್ವಾ, ನಾ ಗೌರಿ. ಅಳಬ್ಯಾಡ. ಅವ್ವ ಪಾಸ ಆಗ್ಯಾಳ. ಬಾಕಿ ಸಗಳ ಠೀಕ ಐತಿ. ಫಕ್ತ ನಾಲಿಗಿ ಕಡಕೊಂಡಾಳ."