ವಿನ್ಸೆಂಟ್ ಅಂಕಲ್ ಬಿಚ್ಚಿಟ್ಟ ಶೂ

ವೇದಿಕೆಯ ಮೆಟ್ಟಿಲಲ್ಲಿ ಕುಳಿತು ವಿನ್ಸೆಂಟ್ ಅಂಕಲ್ ಶೂ ಬಿಚ್ಚಿದರು, ಕಾಲುಚೀಲವನ್ನೂ ತೆಗೆದರು. ಮಂಗಳೂರಿನಿಂದ ಬಂದು ಲಂಡನ್ನಿನ ಕ್ಲಬ್ಬುಗಳಲ್ಲಿ ಹೆಸರು ಮಾಡಿದ್ದ ರಾಕ್ ಅಂಡ್ ರೋಲ್ ಗಾಯಕ ಅವರು. ಎಷ್ಟೋ ವರ್ಷಗಳ ನಂತರ, ಅದೇ ಊರಿನ ಹೌನ್ಸ್ಲೋ ಬಡಾವಣೆಯ ನಮ್ಮ ಕನ್ನಡ ಕೂಟದಲ್ಲಿ ಮತ್ತೆ ಹಾಡಲಿದ್ದರು.

ನಿರೂಪಕನಾಗಿದ್ದ ನಾನು, ರಂಗಕ್ಕೆ ನಮಸ್ಕರಿಸಲು ಪಾದರಕ್ಷೆ ಕಳಚಿದ್ದಾರೆ ಎಂದು ಮೈಕಿನಲ್ಲಿ ಹೇಳಿಬಿಟ್ಟೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

"ಎಂತಕ್ಕೆ ಚಪ್ಪಾಳೆ ಮಾರಾಯ್ರೆ? ನಾನಿನ್ನೂ ಹಾಡ್ಲೇ ಇಲ್ಲ," ಎಂದರು. ಕಿವಿಯ ಬಳಿ ಬಾಗಿ ವಿಷಯ ಹೇಳಿದೆ. ನಕ್ಕರು.

"ಭಕ್ತಿ ಅಲ್ಲ. ಬ್ಯಾಂಡಿನ ಗಲಾಟೆಗೆ ಕಿವಿ ಹೋಗಿದೆ. ಡ್ರಮ್ಮಿನ ಪೆಟ್ಟು ಸ್ಟೇಜಿನ ಮರದ ಹಲಗೆಯಿಂದ ಕಾಲಿಗೆ ಸಿಗ್ತದೆ. ಇವತ್ತು ತಾಳ ಸಿಗದಿದ್ರೆ ಹಾಡುವುದನ್ನೇ ಬಿಡ್ತೇನೆ."

ಹಾಡಿನ ಮೊದಲ ಸಾಲಿನಲ್ಲೇ ತಾಳ ತಪ್ಪಿತು. ಅವರು ಕೈಯೆತ್ತಿ ವಾದ್ಯ ನಿಲ್ಲಿಸಿದರು, ಡ್ರಮ್ಮಿನ ಪಕ್ಕಕ್ಕೇ ಸರಿದು ನಿಂತರು, ಮತ್ತೆ ಮೊದಲಿನಿಂದ ಹಾಡಿದರು. ಈ ಸಲ ಒಂದು ಪೆಟ್ಟೂ ತಪ್ಪಲಿಲ್ಲ ಎಂದು ನನ್ನ ನೆನಪು. ಎರಡು ಕಡೆ ತಪ್ಪಿತ್ತು ಎನ್ನುತ್ತಾಳೆ ಸಭೆಯಲ್ಲಿದ್ದ ನನ್ನ ಹೆಂಡತಿ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಅವರು ಕೊನೆಯ ಸಾಲಿನವರೆಗೂ ಹಾಡಿದ್ದಂತೂ ನಿಜ.

ಮೊನ್ನೆ, ಮುಂದಿನ ಕಾರ್ಯಕ್ರಮಕ್ಕೆ ಕರೆದು ಮೆಸೇಜ್ ಕಳಿಸಿದೆ. ಉತ್ತರವಾಗಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಟೇಜಿನ ನೆಲ ಹಲಗೆಯದ್ದಾ, ಸಿಮೆಂಟಿನದ್ದಾ?"